ಡ್ಯೂಟಿ ಶೀಟಿನಲ್ಲಿ ಬರೆದ ಹನ್ನೊಂದು ಹೆಸರು

ನಾನು ಜೀವಮಾನದಲ್ಲಿ ಒಂದು ಸಲವೂ ಫುಟ್‌ಬಾಲಿಗೆ ಕಾಲು ಹಚ್ಚಿದವನಲ್ಲ. ಹಚ್ಚಿದ್ದರೆ ಚೆಂಡು ಒಂದು ಕಡೆ, ನಾನು ಇನ್ನೊಂದು ಕಡೆ ಬೀಳುತ್ತಿದ್ದೆವು ಎಂಬುದರಲ್ಲಿ ಸಂಶಯವಿಲ್ಲ. ಹೀಗಿದ್ದೂ ಅರವತ್ತರ ದಶಕದ ಒಂದು ಮಳೆಗಾಲದಲ್ಲಿ ಬಂಟ್ವಾಳದ ನಮ್ಮ ಮೋಟಾರು ಕಂಪೆನಿಯ ಫುಟ್‌ಬಾಲ್ ತಂಡವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವನು ನಾನೇ. ಯಾವ ಬಸ್ಸಿಗೆ ಯಾರು ಡ್ರೈವರು, ಯಾರು ಕಂಡಕ್ಟರು, ಯಾರು ಕ್ಲೀನರು ಎಂದು ದಿನವೂ ಡ್ಯೂಟಿ ಶೀಟು ಬರೆದು ಶೆಡ್ಡಿನ ಗೋಡೆಗೆ ಅಂಟಿಸುವ ರೈಟರ್ ನಾನು. ನಮ್ಮ ಆಟಗಾರರೆಲ್ಲ ಆ ಶೀಟಿನೊಳಗೇ ಇದ್ದವರು.

ಇದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ನಮ್ಮ ಕಡೆಯ ಮೋಟಾರು ಕಂಪೆನಿಗಳ ಧಣಿಗಳಿಗೆ ಫುಟ್‌ಬಾಲಿನ ಹುಚ್ಚು. ಮಳೆಗಾಲದಲ್ಲಿ ಮದುವೆ ಇಲ್ಲ, ಭೂತದ ಕೋಲ ಇಲ್ಲ, ಯಕ್ಷಗಾನ ಇಲ್ಲ. ಬಸ್ಸುಗಳು ಅರ್ಧ ಖಾಲಿ ಓಡುತ್ತಿದ್ದವು. ಜನರ ಬಾಯಲ್ಲಿ ಕಂಪೆನಿಯ ಹೆಸರು ಉಳಿಯಬೇಕಾದರೆ ಚೆಂಡು ಆಡಬೇಕು. ಹಾಗಾಗಿ ಚೆನ್ನಾಗಿ ಒದೆಯುವವನು ಎಲ್ಲಿ ಕಂಡರೂ ಕರೆದು ಕಂಡಕ್ಟರನ ಕೆಲಸವನ್ನೋ ಕ್ಲೀನರನ ಕೆಲಸವನ್ನೋ ಕೊಟ್ಟುಬಿಡುತ್ತಿದ್ದರು. ಟಿಕೆಟು ಹರಿಯುವುದು ನೆಪ, ಗೋಲು ಹೊಡೆಯುವುದು ಉದ್ಯೋಗ. ಬೂಟು ಯಾರಿಗೂ ಇರಲಿಲ್ಲ, ಎಲ್ಲರದ್ದೂ ಬರಿಗಾಲು. ಬನಿಯನಿನ ಬೆನ್ನಿಗೆ ಬಸ್ಸಿಗೆ ಬಳಿಯುವ ಪೈಂಟಿನಿಂದಲೇ ನಂಬರು ಬರೆಸುತ್ತಿದ್ದೆವು. ಒಣಗಿದ ಮೇಲೆ ಅದು ತಗಡಿನಂತಾಗಿ, ಆಟಗಾರರು ಬಗ್ಗಿದಾಗ ಪಟಪಟ ಎನ್ನುತ್ತಿತ್ತು. ಚೆಂಡಿನ ಬ್ಲಾಡರಿಗೆ ತೂತು ಬಿದ್ದರೆ ಶೆಡ್ಡಿನ ಟಯರಿನವ ಟ್ಯೂಬಿಗೆ ಹಾಕುವ ಪ್ಯಾಚನ್ನೇ ಹಾಕಿಕೊಡುತ್ತಿದ್ದ. ಆ ಸೊಲ್ಯೂಶನಿನ ವಾಸನೆ ಈಗಲೂ ಯಾವುದಾದರೂ ಸೈಕಲ್ ಶಾಪಿನ ಮುಂದೆ ಮೂಗಿಗೆ ಬಡಿದರೆ ನಾನು ಒಂದು ಗಳಿಗೆ ನಿಂತೇಬಿಡುತ್ತೇನೆ.

ನಮ್ಮ ಕ್ಯಾಪ್ಟನ್ ಬಸ್ ಡ್ರೈವರು. ಅವನೂ ನಾನೂ ಒಂದೇ ವಾರ ಕಂಪೆನಿಗೆ ಸೇರಿದವರು, ಒಂದೇ ಪ್ರಾಯದವರು. ಮಧ್ಯಾಹ್ನ ಇಬ್ಬರೂ ಶೆಡ್ಡಿನಲ್ಲಿದ್ದರೆ ಒಂದೇ ಬುತ್ತಿಯಿಂದ ಉಣ್ಣುತ್ತಿದ್ದೆವು. ಅವನು ಆಡುತ್ತಿದ್ದದ್ದು ಸೆಂಟರ್ ಹಾಫ್, ಅಂದರೆ ಹಿಂದಿನ ಬ್ಯಾಕುಗಳಿಂದ ಚೆಂಡು ತೆಗೆದುಕೊಂಡು ಮುಂದಿನ ಐದು ಫಾರ್ವರ್ಡುಗಳಿಗೆ ಹಂಚುವ ನಟ್ಟನಡುವಿನ ಜಾಗ. ತಂಡ ಕಟ್ಟಿದವನೇ ಅವನು. ಅವನಿಲ್ಲದ ತಂಡವನ್ನು ಯಾರೂ ಕಂಡಿರಲಿಲ್ಲ.

ನಾನು ತಂಡಕ್ಕೆ ಕೈ ಹಾಕುವುದಕ್ಕೆ ಹಿಂದಿನ ಮಳೆಗಾಲ ಮೂಡುಬಿದಿರೆಯ ಪಂದ್ಯಾಟದಲ್ಲಿ ನಮ್ಮ ಮಾನ ಹರಾಜಾಗಿತ್ತು. ಎದುರಾಳಿ ಯಾರು ಅಂದರೆ ನಮ್ಮದೇ ರೂಟಿನಲ್ಲಿ ನಮಗಿಂತ ಐದು ನಿಮಿಷ ಮೊದಲು ಬಸ್ಸು ಬಿಡುವ ಕಂಪೆನಿ. ಮೈದಾನ ರಸ್ತೆಯ ಬದಿಯಲ್ಲೇ. ಆಗಿನ ಕಂಡಕ್ಟರುಗಳು ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಮ್ಮ ಇಬ್ಬರು ಬ್ಯಾಕುಗಳೂ ಕಂಡಕ್ಟರುಗಳು. ಆಟ ಜೋರಾಗಿ ನಡೆಯುತ್ತಿರುವಾಗ ರಸ್ತೆಯಲ್ಲಿ ಯಾವುದೋ ಬಸ್ಸಿನವ ಅಜ್ಜಿಯೊಬ್ಬಳನ್ನು ಇಳಿಸಲಿಕ್ಕೆ ಒಂದು ಸೀಟಿ ಊದಿದ. ನಮ್ಮ ಇಬ್ಬರೂ ಬ್ಯಾಕುಗಳು ಬ್ರೇಕು ಹಾಕಿದ ಹಾಗೆ ನಿಂತರು. ಎದುರಿನವ ಅವರಿಬ್ಬರ ನಡುವೆ ನಡೆದುಕೊಂಡೇ ಹೋಗಿ ಗೋಲು ಹಾಕಿದ. ನೋಡುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅದೂ ಸೇರಿ ಒಟ್ಟು ನಾಲ್ಕು ಗೋಲು ತಿಂದು ಮನೆಗೆ ಬಂದೆವು. ಮರುದಿನದಿಂದ ನಮ್ಮ ಬಸ್ಸು ಕಂಡರೆ ಸಾಕು, ಪೇಟೆಯವರು ಬಾಯಲ್ಲೇ ಸೀಟಿ ಊದತೊಡಗಿದರು.

ಒಂದು ದಿನ ಧಣಿಗಳು ನನ್ನನ್ನು ಕರೆಸಿದರು. ಅವರು ಹಳೆಯ ಜೈನ ಮನೆತನದವರು, ದನಿ ಏರಿಸಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

"ರೈಟರೇ, ನಿನ್ನೆ ಮೂಡುಬಿದಿರೆಗೆ ಹೋಗಿದ್ದೆ. ಬಸದಿಯ ಬಾಗಿಲಲ್ಲಿಯೂ ಒಬ್ಬರು ನನಗೆ ಸೀಟಿ ಊದಿ ತೋರಿಸಿದರು," ಅಂದರು.

ನಾನು ನೆಲ ನೋಡಿದೆ.

"ಇನ್ನೊಂದು ಮಳೆಗಾಲ ನೋಡುವ. ಆಗಲೂ ಶೀಲ್ಡು ಬರಲಿಲ್ಲ ಅಂದರೆ ತಂಡ ಬೇಡ. ಚೆಂಡಿಗೆ ಅಂತಲೇ ತೆಗೆದುಕೊಂಡವರು ಏಳು ಜನ ಇದ್ದಾರಲ್ಲ, ಅವರೂ ಬೇಡ. ನಮ್ಮ ಬಸ್ಸುಗಳಿಗೆ ಅಷ್ಟು ಜನ ಬೇಕಾಗಿಲ್ಲ. ಯಾರು ಇರಬೇಕು, ಯಾರನ್ನು ಹೊಸದಾಗಿ ತರಬೇಕು, ಎಲ್ಲ ನೀವೇ ಬರೆಯಿರಿ."

"ನನಗೆ ಆಟ ಗೊತ್ತಿಲ್ಲ ಧಣಿಗಳೇ."

"ಗೊತ್ತಿದ್ದವರು ಮಾಡಿದ್ದನ್ನು ನೋಡಿದೆವಲ್ಲ," ಅಂದರು ಅವರು, ಅಷ್ಟೇ ಮೆಲ್ಲಗೆ.

ಹೊರಗೆ ಬಂದು ನೇರ ಶೆಡ್ಡಿಗೆ ನಡೆದೆ. ಆ ಏಳು ಜನರ ಮನೆ ನನಗೆ ಗೊತ್ತು. ಒಬ್ಬನ ಹೆಂಡತಿ ಬಸುರಿ, ಇನ್ನೊಬ್ಬ ಆ ವರ್ಷವೇ ತಂಗಿಯ ಮದುವೆಗೆ ಮಾತು ಕೊಟ್ಟಿದ್ದ. ವಿಷಯವನ್ನು ಕ್ಯಾಪ್ಟನ್‌ಗೆ ಹೇಳಿದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

"ತಲೆಬಿಸಿ ಮಾಡಬೇಡ ಮಾರಾಯ. ನೀನು ಬರಿ, ನಾನು ನೋಡಿಕೊಳ್ತೇನೆ," ಅಂದ. ಅವನ ಈ ಮಾತು ಕೇಳಿದರೆ ಯಾವ ತೊಂದರೆಯೂ ಅರ್ಧ ಇಳಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಆಟ ಗೊತ್ತಿಲ್ಲದವನು ನಾನು ಗೊತ್ತಿದ್ದ ಕೆಲಸದಿಂದಲೇ ಶುರು ಮಾಡಿದೆ. ಆ ವರ್ಷದ ಡ್ಯೂಟಿ ಶೀಟುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಆಟಗಾರರ ಹೆಸರಿಗೆ ಕೆಂಪು ಪೆನ್ಸಿಲಿನ ಗೀಟು ಹಾಕುತ್ತಾ ಹೋದೆ. ಮೂರನೆಯ ದಿನ ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಪಂದ್ಯದ ದಿನ ಬಿಟ್ಟರೆ ಇಡೀ ಮಳೆಗಾಲದಲ್ಲಿ ಆ ಹನ್ನೊಂದು ಜನ ಒಂದೇ ಊರಿನಲ್ಲಿ ಒಂದೇ ಹೊತ್ತಿಗೆ ಇದ್ದ ದಿನ ಒಂದೂ ಇರಲಿಲ್ಲ. ಒಬ್ಬ ಬೆಳ್ತಂಗಡಿಯಲ್ಲಿ, ಒಬ್ಬ ವೇಣೂರಿನಲ್ಲಿ, ಒಬ್ಬ ಸಿದ್ಧಕಟ್ಟೆಯ ದಾರಿಯಲ್ಲಿ. ಮೈದಾನಕ್ಕೆ ಬಂದ ಮೇಲೆಯೇ ಒಬ್ಬರಿಗೊಬ್ಬರು ಮುಖ ಕಾಣುವುದು. ಮದುವೆಮನೆಯಲ್ಲಿ ಸಿಕ್ಕಿದ ನೆಂಟರ ಹಾಗೆ ಕ್ಷೇಮಸಮಾಚಾರ ಮಾತಾಡಿ ಆಡಲಿಕ್ಕೆ ಇಳಿದರೆ ಇನ್ನೇನಾಗುತ್ತದೆ? ಈ ಶೀಟು ಬರೆದವನು ನಾನೇ ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು.

ಹನ್ನೊಂದು ಜನರನ್ನು ದಿನವೂ ಒಟ್ಟಿಗೆ ತರುವುದು ಆಗದ ಮಾತು. ಬಸ್ಸು ನಿಲ್ಲಿಸಿ ಚೆಂಡು ಆಡಿಸಲು ಧಣಿಗಳು ಒಪ್ಪಲಾರರು. ಆದರೆ ಪ್ರತಿಯೊಂದು ಬಸ್ಸಿಗೂ ಮಧ್ಯಾಹ್ನ ಒಂದು ಊರಿನಲ್ಲಿ ಒಂದೂವರೆ, ಎರಡು ಗಂಟೆಯ ಬಿಡುವು ಇರುತ್ತಿತ್ತು. ನಾನು ಟೈಮಿಂಗನ್ನು ಮುಟ್ಟದೆ ಜನರನ್ನು ಬದಲಿಸಿದೆ. ಗೋಲ್‌ಕೀಪರನನ್ನೂ ಇಬ್ಬರು ಬ್ಯಾಕುಗಳನ್ನೂ ಬೆಳ್ತಂಗಡಿಯಲ್ಲಿ ಬಿಡುವಿರುವ ಬಸ್ಸುಗಳಿಗೆ ಹಾಕಿದೆ. ಐದು ಫಾರ್ವರ್ಡುಗಳನ್ನು ಮೂಡುಬಿದಿರೆಗೆ ಹಾಕಿದೆ. ನಾಲ್ವರು ಎರಡು ಬಸ್ಸುಗಳ ಕಂಡಕ್ಟರು ಕ್ಲೀನರುಗಳು, ಐದನೆಯವ ಅಲ್ಲಿನ ಬುಕ್ಕಿಂಗ್ ಕ್ಲಾರ್ಕು. ನಡುವಿನ ಮೂವರು ಹಾಫುಗಳು ಬಂಟ್ವಾಳದ ಶೆಡ್ಡಿನಲ್ಲಿ. ಹನ್ನೊಂದು ಜನರ ತಂಡದ ಬದಲು ಮೂರು ಊರಿನಲ್ಲಿ ಮೂರು ಸಣ್ಣ ತಂಡಗಳು. ಶೀಟು ನೋಡಿದ ಕ್ಯಾಪ್ಟನ್ ತಲೆ ಕೆರೆದುಕೊಂಡ. "ಎಂಥ ಸಾವು ಮಾರಾಯ, ತಂಡವನ್ನೇ ಟ್ರಿಪ್ಪು ಮಾಡಿಬಿಟ್ಟೆಯಲ್ಲ!" ಅಂದ. ಆದರೆ ಬೇಡ ಅನ್ನಲಿಲ್ಲ.

ಇನ್ನು ಹೊಸಬರು ಬೇಕಿತ್ತು. ಹಳೆಯ ಗೋಲ್‌ಕೀಪರನಿಗೆ ಕನ್ನಡಕ. ಮಳೆ ಬಂದರೆ ಅವನಿಗೆ ಚೆಂಡೂ ಒಂದೇ ಮೋಡವೂ ಒಂದೇ. ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪೋರ್ಟರ್ ಇದ್ದ. ಬಸ್ಸಿನ ಟಾಪಿನಿಂದ ಕ್ಲೀನರುಗಳು ಎಸೆದ ಸಾಮಾನನ್ನು ಅವನು ಕೆಳಗೆ ನಿಂತು ಹಿಡಿಯುತ್ತಿದ್ದ. ಬಾಳೆಗೊನೆ, ತರಕಾರಿಯ ಬುಟ್ಟಿ, ಹಗ್ಗ ಕಟ್ಟಿದ ಮಣ್ಣಿನ ಮಡಕೆ, ಏನೇ ಬರಲಿ, ಎದೆಗೆ ಒತ್ತಿಕೊಂಡು ಮಗುವಿನ ಹಾಗೆ ಇಳಿಸುತ್ತಿದ್ದ. ನಾನೂ ಕ್ಯಾಪ್ಟನ್ನೂ ಅವನ ಮುಂದೆ ನಿಂತು ಒಂದು ಇಡೀ ಬಸ್ಸಿನ ಸಾಮಾನು ಇಳಿಯುವುದನ್ನು ನೋಡಿದೆವು. ಒಂದು ಮಡಕೆಯೂ ಒಡೆಯಲಿಲ್ಲ.

"ಚೆಂಡು ಹಿಡೀತೀಯಾ?" ಎಂದು ಕ್ಯಾಪ್ಟನ್ ಕೇಳಿದ.

"ಅದರೊಳಗೆ ಎಂತ ಉಂಟು?" ಎಂದ ಅವನು.

"ಗಾಳಿ."

"ಗಾಳಿಯಾ? ಹಾಗಾದರೆ ಒಂದು ಕೈ ಸಾಕು," ಎಂದ. ಆ ದಿನವೇ ಅವನನ್ನು ಕ್ಲೀನರ್ ಮಾಡಿ ಬೆಳ್ತಂಗಡಿ ಬಸ್ಸಿಗೆ ಹಾಕಿದೆ.

ಇನ್ನೊಬ್ಬನನ್ನು ಹುಡುಕಿದವನು ಕ್ಯಾಪ್ಟನ್ನೇ. ನರಿಕೊಂಬಿನಲ್ಲಿ ನೇತ್ರಾವತಿ ದಾಟಿಸುವ ದೋಣಿಯವನೊಬ್ಬ ಇದ್ದ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ಬಿಡುವಂತಿಲ್ಲ, ಅವನಿಗೆ ಕೆಲಸವಿಲ್ಲ. ಹೊಳೆಬದಿಯ ಕೆಸರು ಗದ್ದೆಯಲ್ಲಿ ಅವನು ಊರಿನವರ ಜತೆ ಚೆಂಡು ಆಡುತ್ತಿದ್ದದ್ದನ್ನು ಕ್ಯಾಪ್ಟನ್ ನೋಡಿ ಬಂದಿದ್ದ. "ಬೇರೆಯವರು ಜಾರಿ ಬೀಳ್ತಾರೆ ಮಾರಾಯ, ಇವ ಬೀಳುವುದೇ ಇಲ್ಲ. ದೋಣಿಯಲ್ಲಿ ನಿಂತು ನಿಂತು ಅಭ್ಯಾಸ. ಎಡಗಡೆ ಹಾಫಿಗೆ ಒಳ್ಳೆಯ ಆಳು. ನಾಳೆಯೇ ತೆಗೆದುಕೊಳ್ಳುವ," ಅಂದ. ದೋಣಿಯವ ಶೆಡ್ಡಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ಕ್ಯಾಪ್ಟನ್ ಅವನನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಪಾಸು ಕೊಡುವುದು ಕಲಿಸಿದ. ತಮ್ಮನಿಗೆ ಕಲಿಸಿದ ಹಾಗೆ ಕಲಿಸಿದ, ನಾನೇ ನೋಡಿದ್ದೇನೆ.

ಜೋರು ಮಳೆಯ ಆಟಿ ತಿಂಗಳು ಪೂರ್ತಿ ಹೀಗೆ ಹೋಯಿತು. ನಾನು ವಾರಕ್ಕೆ ಎರಡು ದಿನ ಚೆಕ್ಕಿಂಗಿನ ನೆಪದಲ್ಲಿ ಬಸ್ಸು ಹತ್ತಿ ಮೂರೂ ಊರು ಸುತ್ತುತ್ತಿದ್ದೆ. ಬೆಳ್ತಂಗಡಿಯವರು ಲಾಯಿಲದ ಒಂದು ಬೆಳೆಯಿಲ್ಲದ ಹಡಿಲು ಗದ್ದೆಯಲ್ಲಿ ಆಡುತ್ತಿದ್ದರು. ಸೀಟಿಯ ರೋಗಕ್ಕೆ ನಾನೇ ಒಂದು ಮದ್ದು ಹುಡುಕಿದ್ದೆ. ಬ್ಯಾಕುಗಳು ಆಡುವಾಗ ಒಬ್ಬ ಬದುವಿನ ಮೇಲೆ ನಿಂತು ಒಂದೇ ಸಮನೆ ಸೀಟಿ ಊದಬೇಕು, ಇವರು ನಿಲ್ಲಬಾರದು. ನಾಲ್ಕು ವಾರದಲ್ಲಿ ಕಿವಿಯ ಹತ್ತಿರ ಊದಿದರೂ ಅವರು ನಿಲ್ಲದಷ್ಟು ಗಟ್ಟಿಯಾದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಬಿಡುವು ಮುಗಿಯುವ ಹೊತ್ತಿಗೆ ಕೆಸರು ಕಾಲಿನಲ್ಲೇ ಓಡಿ ಬಂದು ಬಸ್ಸು ಹತ್ತಿ, ಎರಡು ಸೀಟಿ ಊದಿ "ಪೋಯಿ, ಹೋಗುವ!" ಎಂದು ಕೂಗುತ್ತಿದ್ದ ಆ ಕಂಡಕ್ಟರುಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಪ್ರಯಾಣಿಕರು ಬೈಯುತ್ತಿರಲಿಲ್ಲ. "ಇವತ್ತು ಹೇಗೆ?" ಎಂದು ಕೇಳುತ್ತಿದ್ದರು.

ಪಂದ್ಯಾಟಕ್ಕೆ ಎರಡು ವಾರ ಇರುವಾಗ ಧಣಿಗಳು ಒಂದು ಭಾನುವಾರ ಎರಡು ಟ್ರಿಪ್ಪು ಕಡಿದುಕೊಟ್ಟರು. ಮೂರು ಊರಿನವರೂ ಮೊದಲ ಬಾರಿ ಬಂಟ್ವಾಳದಲ್ಲಿ ಒಟ್ಟಿಗೆ ಆಡಿದರು, ಶಾಲೆಯ ಮೇಷ್ಟ್ರುಗಳ ತಂಡದೆದುರು. ಮೇಷ್ಟ್ರುಗಳು ನಮಗೆ ಮೂರು ಗೋಲು ಹಾಕಿದರು.

ನನ್ನ ಮದ್ದು ರೋಗಕ್ಕಿಂತ ಕೆಟ್ಟದ್ದು ಎಂದು ಅವತ್ತೇ ಗೊತ್ತಾಯಿತು. ರೆಫ್ರಿ ಊದಿದರೂ ನಮ್ಮ ಬ್ಯಾಕುಗಳು ನಿಲ್ಲಲಿಲ್ಲ. ಒಬ್ಬನಂತೂ ಆಟ ನಿಂತ ಮೇಲೂ ಚೆಂಡನ್ನು ಅರ್ಧ ಮೈದಾನ ಓಡಿಸಿಕೊಂಡು ಹೋದ. ಅದನ್ನು ಕ್ಯಾಪ್ಟನ್ ಅಲ್ಲೇ ಸರಿಮಾಡಿದ. "ಸೀಟಿ ಕೇಳಬೇಡಿ. ರೆಫ್ರಿಯ ಕೈ ನೋಡಿ. ಕೈ ಮೇಲೆ ಹೋದರೆ ಮಾತ್ರ ನಿಲ್ಲಿ," ಅಂದ. ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲ.

ಆದರೆ ಸೋತದ್ದು ಸೀಟಿಯಿಂದಲ್ಲ. ಬ್ಯಾಕುಗಳು ಒಬ್ಬರನ್ನೊಬ್ಬರು ನೋಡದೆಯೂ ಆಡುತ್ತಿದ್ದರು. ಫಾರ್ವರ್ಡುಗಳೂ ಹಾಗೆಯೇ. ನಡುವಿನಲ್ಲಿ ಏನೋ ಹರಿದುಹೋಗಿತ್ತು. ಆಟ ಮುಗಿದ ಮೇಲೆ ಎಲ್ಲರೂ ಬೇರೆ ಬೇರೆ ಕಾರಣ ಹೇಳಿದರು. ಗೋಲ್‌ಕೀಪರ್ ಮಾತ್ರ ಸುಮ್ಮನಿದ್ದ. ಅವನು ಬನಿಯನು ಹಿಂಡುತ್ತಾ ನಿಂತಾಗ ನಾನು ಹತ್ತಿರ ಹೋಗಿ, "ಹಿಂದೆ ನಿಂತವನಿಗೆ ಎಲ್ಲ ಕಾಣ್ತದಲ್ಲ, ನೀನು ಹೇಳು," ಅಂದೆ.

ಅವನು ಆಚೆ ಈಚೆ ನೋಡಿದ. "ಹೇಳಿದರೆ ಬೇಜಾರು ಮಾಡಬಾರದು ರೈಟರೇ. ಬೆಳ್ತಂಗಡಿ ಬಸ್ಸು ಸರಿಯಾಗಿ ಬರ್ತದೆ, ಮೂಡುಬಿದಿರೆ ಬಸ್ಸು ತಯಾರಾಗಿ ನಿಂತಿರ್ತದೆ. ನಡುವಿನ ಬಸ್ಸು ಲೇಟು."

ನಾನು ಬಸ್ಸಿನವನು. ಈ ಭಾಷೆ ನನಗೆ ಥಟ್ಟನೆ ಅರ್ಥವಾಯಿತು, ಅವನು ಹೇಳಿದ್ದು ಕ್ಯಾಪ್ಟನ್‌ನ ವಿಷಯ. ಮರುದಿನದಿಂದ ಶೆಡ್ಡಿನ ಹಿಂದಿನ ಅಭ್ಯಾಸವನ್ನು ಬೇರೆ ಕಣ್ಣಿನಿಂದ ನೋಡಿದೆ. ಕ್ಯಾಪ್ಟನ್ ತಿರುಗುವಾಗ ಎಡಗಾಲು ಊರುತ್ತಿರಲಿಲ್ಲ. ಆ ಕಾಲದ ಬಸ್ಸಿನ ಕ್ಲಚ್ಚು ಒತ್ತುವುದೆಂದರೆ ಹೋರಿಯನ್ನು ಕಾಲಿನಿಂದ ತಳ್ಳಿದ ಹಾಗೆ. ಅಷ್ಟು ವರ್ಷ ದಿನಕ್ಕೆ ನೂರಾರು ಸಲ ಒತ್ತಿ ಅವನ ಎಡಗಾಲಿನ ಗಂಟು ಸವೆದುಹೋಗಿತ್ತು. ಚೆಂಡು ಬಂದು ಮುಟ್ಟುವ ಜಾಗಕ್ಕೆ ಅವನು ಒಂದು ಹೆಜ್ಜೆ ತಡವಾಗಿ ಮುಟ್ಟುತ್ತಿದ್ದ. ಒಂದು ದಿನ ಅವನು ಟ್ರಿಪ್ಪಿಗೆ ಹೋದಾಗ ದೋಣಿಯವನನ್ನು ನಡುವಿನಲ್ಲಿ ನಿಲ್ಲಿಸಿ, ಗಾಡಿ ರಿಪೇರಿಗೆಂದು ಶೆಡ್ಡಿಗೆ ಬಂದಿದ್ದ ಇಬ್ಬರು ಫಾರ್ವರ್ಡುಗಳ ಜತೆ ಆಡಿಸಿದೆ. ಚೆಂಡು ಹೊಳೆ ಹರಿದ ಹಾಗೆ ಹರಿಯಿತು. ಆಟ ಗೊತ್ತಿಲ್ಲದ ನನಗೂ ಗೊತ್ತಾಯಿತು.

ಒಂದು ಕಡೆ ಏಳು ಜನರ ಕೆಲಸ, ಇನ್ನೊಂದು ಕಡೆ ನನ್ನ ಸ್ನೇಹಿತನ ಒಂದು ಜಾಗ. ಲೆಕ್ಕ ಸುಲಭವಾಗಿಯೇ ಇತ್ತು. ಅದನ್ನು ಅವನಿಗೆ ಹೇಳುವುದು ಮಾತ್ರ ನನ್ನಿಂದ ಆಗಲಿಲ್ಲ. ಮೂರು ದಿನ ಪ್ರಯತ್ನ ಮಾಡಿದೆ. ಒಂದು ದಿನ ಊಟಕ್ಕೆ ಕುಳಿತಾಗ ಬಾಯಿ ತೆರೆದೆ. ಅವನು ತನ್ನ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿ, "ತಿನ್ನು ಮಾರಾಯ, ತಂಡದ ತಲೆಬಿಸಿಯಲ್ಲಿ ಒಣಗಿಹೋಗಿದ್ದೀ," ಅಂದ. ಬಾಯಿ ಮುಚ್ಚಿ ಉಂಡೆ.

ಕೊನೆಗೆ ನಾನು ಮಾಡಿದ್ದು ಹೇಡಿಯ ಕೆಲಸ. ಪಂದ್ಯಾಟದ ಹಿಂದಿನ ದಿನ ಡ್ಯೂಟಿ ಶೀಟಿನ ಕೆಳಗೆ ಹನ್ನೊಂದು ಹೆಸರು ಬರೆದೆ. ಸೆಂಟರ್ ಹಾಫ್ ಎಂಬಲ್ಲಿ ದೋಣಿಯವನ ಹೆಸರು, ಅವನಿದ್ದ ಎಡಗಡೆಗೆ ಹಿಂದಿನ ವರ್ಷ ಅಲ್ಲಿ ಆಡಿದವನ ಹೆಸರು. ಮೇಲಿನ ಪಟ್ಟಿಯಲ್ಲಿ, ಪಂದ್ಯ ಇರುವ ದಿನಗಳಲ್ಲೆಲ್ಲ, ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಂದು ಅಲ್ಲಿಂದ ಬಂಟ್ವಾಳಕ್ಕೆ ಹೋಗುವ ಸಂಜೆಯ ಬಸ್ಸಿಗೆ ಡ್ರೈವರ್ ಎಂದು ಕ್ಯಾಪ್ಟನ್‌ನ ಹೆಸರು. ಬದಿಯಲ್ಲಿ ಕುಳಿತು ನೋಡುವ ಅವಕಾಶವೂ ಅವನಿಗೆ ಇರಲಿಲ್ಲ. ಅವನು ಬದಿಯಲ್ಲಿ ಕುಳಿತಿದ್ದರೆ ಆಟಗಾರರು ಚೆಂಡು ಬಿಟ್ಟು ಅವನನ್ನೇ ನೋಡುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜ ಏನೆಂದರೆ, ಅವನ ಮುಖ ನೋಡುವ ಧೈರ್ಯ ನನಗೇ ಇರಲಿಲ್ಲ. ಶೀಟು ಅಂಟಿಸಿ, ಅವನು ಬರುವ ಮೊದಲೇ ಬೆಳ್ತಂಗಡಿಗೆ ಚೆಕ್ಕಿಂಗಿಗೆಂದು ಬಸ್ಸು ಹತ್ತಿದೆ.

ಆಮೇಲೆ ನಡೆದದ್ದನ್ನು ಟಯರಿನವ ಹೇಳಿದ. ಕ್ಯಾಪ್ಟನ್ ಎಲ್ಲರ ಎದುರು ಶೀಟು ಓದಿದನಂತೆ. ಇನ್ನೊಮ್ಮೆ ಓದಿದನಂತೆ. "ರೈಟರ್ ಎಲ್ಲಿ?" ಎಂದು ಕೇಳಿದನಂತೆ. "ಬೆಳ್ತಂಗಡಿಗೆ ಹೋದರು," ಎಂದಾಗ, "ಹೌದಾ," ಎಂದು ಕೈ ಒರೆಸಿಕೊಂಡು ಬಸ್ಸಿನತ್ತ ನಡೆದನಂತೆ. ಸ್ವಲ್ಪ ದೂರ ಹೋದವನು ತಿರುಗಿ ಬಂದು, ಬಸ್ಸು ತೊಳೆಯುತ್ತಿದ್ದ ದೋಣಿಯವನನ್ನು ಆಚೆ ಕರೆದು, ಎದುರು ಕಂಪೆನಿಯ ಸೆಂಟರ್ ಫಾರ್ವರ್ಡ್ ಯಾವಾಗಲೂ ಬಲಕ್ಕೆ ಹೋಗುವ ಹಾಗೆ ತೋರಿಸಿ ಎಡಕ್ಕೆ ತಿರುಗುತ್ತಾನೆಂದು ಕಾಲಿನಿಂದ ನೆಲದಲ್ಲಿ ಗೀಟು ಎಳೆದು ತೋರಿಸಿದನಂತೆ. ಟಯರಿನವ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆಯಿಂದ ಎಲ್ಲಿಯಾದರೂ ಅಡಗಿ ಕುಳಿತುಕೊಳ್ಳುವ ಅನ್ನಿಸಿತು.

ಆ ವಾರ ಅವನು ನನ್ನ ಜತೆ ಮಾತಾಡಿದ್ದು ಕೆಲಸದ್ದು ಮಾತ್ರ. "ಮೂರನೆಯ ಗಾಡಿಯ ಬ್ರೇಕು ನೋಡಿಸಬೇಕು ರೈಟರೇ." ಬುತ್ತಿಯನ್ನು ಬಸ್ಸಿನಲ್ಲೇ ಉಣ್ಣುತ್ತಿದ್ದ. ನಾನು ಮೇಜಿನ ಬಳಿ ಒಬ್ಬನೇ ಉಣ್ಣುತ್ತಿದ್ದೆ.

ಮೊದಲ ಎರಡು ಪಂದ್ಯ ಗೆದ್ದೆವು. ಒಂದರಲ್ಲಿ ಒಂದೇ ಗೋಲು, ಇನ್ನೊಂದರಲ್ಲಿ ಮೂರು. ಫೈನಲಿಗೆ ಬಂದದ್ದು ನಿರೀಕ್ಷೆಯಂತೆ ಎದುರು ಕಂಪೆನಿಯೇ. ಬೆಳಗ್ಗಿನಿಂದ ಬಿಟ್ಟುಬಿಡದೆ ಮಳೆ. ಚರ್ಮದ ಚೆಂಡು ನೀರು ಕುಡಿದು ಕುಡಿದು ಎತ್ತಲಾರದಷ್ಟು ಭಾರವಾಗಿತ್ತು. ಮೂಡುಬಿದಿರೆಯವರು, ವೇಣೂರಿನವರು, ಬಂಟ್ವಾಳದಿಂದ ನಮ್ಮದೇ ಬಸ್ಸಿನಲ್ಲಿ ಬಂದವರು, ಎಲ್ಲ ಕೊಡೆ ಹಿಡಿದು ಮೈದಾನದ ಸುತ್ತ ನಿಂತಿದ್ದರು. ಧಣಿಗಳಿಗೆ ಒಂದು ಕುರ್ಚಿ ಹಾಕಿದ್ದೆವು, ಅವರು ಕುಳಿತುಕೊಳ್ಳಲಿಲ್ಲ.

ಹತ್ತನೆಯ ನಿಮಿಷದಲ್ಲೇ ಅವರು ಗೋಲು ಹಾಕಿದರು. ಅದರ ಮೇಲೆ, ರಸ್ತೆಯಲ್ಲಿ ಅವರದೊಂದು ಬಸ್ಸು ಬೇಕೆಂದೇ ನಿಧಾನವಾಗಿ ಹೋಗುತ್ತಾ, ಅದರ ಕಂಡಕ್ಟರು ಬಾಗಿಲಲ್ಲಿ ನೇತಾಡಿ ಒಂದೊಂದೇ ಸೀಟಿ ಊದುತ್ತಾ ಹೋದ. ಜನ ನಗಲು ತಯಾರಾದರು. ನಮ್ಮ ಬ್ಯಾಕುಗಳು ರೆಫ್ರಿಯ ಕೈಯತ್ತ ಒಮ್ಮೆ ಕಣ್ಣು ಹಾಯಿಸಿ ಆಡುತ್ತಲೇ ಇದ್ದರು. ಧಣಿಗಳು ಆಗ ಮೊದಲ ಬಾರಿ ನನ್ನತ್ತ ತಿರುಗಿ ತಲೆಯಾಡಿಸಿದರು.

ಎರಡನೆಯ ಅರ್ಧದಲ್ಲಿ ಎದುರಿನ ಸೆಂಟರ್ ಫಾರ್ವರ್ಡ್ ಬಲಕ್ಕೆ ಹೋಗುವಂತೆ ತೋರಿಸಿ ಎಡಕ್ಕೆ ತಿರುಗಿದ. ದೋಣಿಯವ ಎಡದಲ್ಲೇ ಕಾಯುತ್ತಾ ನಿಂತಿದ್ದ. ಚೆಂಡು ಕಿತ್ತುಕೊಂಡವನು ಯಾರಿಗೂ ಕೊಡದೆ ಆ ಕೆಸರಿನಲ್ಲಿ ತಾನೇ ಹೋಗಿ ಗೋಲು ಹಾಕಿದ. ಮುಗಿಯಲಿಕ್ಕೆ ಐದಾರು ನಿಮಿಷ ಇರುವಾಗ ಅವನೇ ಕೊಟ್ಟ ಪಾಸಿಗೆ ಬುಕ್ಕಿಂಗ್ ಕ್ಲಾರ್ಕು ತಲೆ ಕೊಟ್ಟ. ಆ ನೀರು ತುಂಬಿದ ಚೆಂಡಿಗೆ ತಲೆ ಕೊಟ್ಟವನು ಹಾಗೆಯೇ ಕೆಸರಿನಲ್ಲಿ ಕುಳಿತುಬಿಟ್ಟ, ಚೆಂಡು ಒಳಗೆ ಹೋಯಿತು. ಎರಡು–ಒಂದು. ಧಣಿಗಳು ಕೊಡೆ ಬಿಟ್ಟು ಚಪ್ಪಾಳೆ ತಟ್ಟಿದರು. "ಎಲ್ಲರೂ ಇರಲಿ ರೈಟರೇ, ಎಲ್ಲರೂ ಇರಲಿ," ಅಂದರು. ಹೆಂಡತಿ ಬಸುರಿಯಾಗಿದ್ದ ಆ ಕಂಡಕ್ಟರು ನನ್ನನ್ನು ಎತ್ತಿ ತಿರುಗಿಸಿದ. ನನ್ನ ಚಪ್ಪಲಿ ಎಲ್ಲಿಗೋ ಹೋಯಿತು. ಖುಷಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಖುಷಿಯ ನಡುವೆಯೇ ನಾನು ರಸ್ತೆ ನೋಡುತ್ತಿದ್ದೆ.

ಕ್ಯಾಪ್ಟನ್‌ನ ಬಸ್ಸು ಆಗ ದಾರಿಯಲ್ಲಿತ್ತು. ಅದರ ಕಂಡಕ್ಟರು ನನಗೆ ಆಮೇಲೆ ಹೇಳಿದ. ಮೂಡುಬಿದಿರೆಯಿಂದ ಬರುವ ಬಸ್ಸುಗಳ ಡ್ರೈವರುಗಳು ಎದುರಾದಾಗ ಕೈ ಹೊರಗೆ ಹಾಕಿ ಬೆರಳಿನಲ್ಲಿ ಸ್ಕೋರು ತೋರಿಸುತ್ತಿದ್ದರಂತೆ. ವೇಣೂರಿನ ಹತ್ತಿರ ಎದುರಾದವನು ಎದುರು ಕಂಪೆನಿಯವನು. ಒಂದು ಬೆರಳು ತೋರಿಸಿ ನಕ್ಕು ಹೋದ. ಕ್ಯಾಪ್ಟನ್ ಬಸ್ಸು ಓಡಿಸುತ್ತಲೇ ಇದ್ದ. ಮುಂದೆ ಎದುರಾದ ನಮ್ಮದೇ ಗಾಡಿಯ ಡ್ರೈವರು ಎರಡು ಕೈಯಲ್ಲೂ ಒಂದೊಂದು ಬೆರಳು ತೋರಿಸಿದ. ಕ್ಯಾಪ್ಟನ್ ನಟ್ಟನಡು ರಸ್ತೆಯಲ್ಲಿ ಬಸ್ಸು ನಿಲ್ಲಿಸಿ, "ಯಾರು ಹಾಕಿದ್ದು?" ಎಂದು ಕೂಗಿ ಕೇಳಿದನಂತೆ. "ದೋಣಿಯವ!" ಎಂದರು. "ಎಡಕ್ಕೆ ಕಾದನಾ?" ಎಂದು ಕೇಳಿದ. ಆ ಡ್ರೈವರಿಗೆ ಅರ್ಥವಾಗಲಿಲ್ಲ. ಹಿಂದಿನಿಂದ ಪ್ರಯಾಣಿಕರು ಗಲಾಟೆ ಮಾಡಿದ ಮೇಲೆ ಗೇರು ಹಾಕಿದನಂತೆ. ಅಲ್ಲಿಂದ ಮೂಡುಬಿದಿರೆಯವರೆಗೆ ಅವನು ಯಾವತ್ತೂ ಓಡಿಸದಷ್ಟು ಜೋರಾಗಿ ಓಡಿಸಿದನೆಂದು ಕಂಡಕ್ಟರು ಹೇಳಿದ.

ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಾಗ ನಮ್ಮವರು ಶೀಲ್ಡು ಹಿಡಿದುಕೊಂಡು ಕುಣಿಯುತ್ತಾ ಅದರ ಟಾಪನ್ನೇ ಹತ್ತಿದರು. ಕ್ಯಾಪ್ಟನ್ ಸೀಟಿನಿಂದ ಇಳಿಯಲಿಲ್ಲ. ನಾನು ಬರಿಗಾಲಿನಲ್ಲಿ ಅವನ ಕಿಟಕಿಯ ಕೆಳಗೆ ಹೋಗಿ ನಿಂತೆ.

"ಎರಡು–ಒಂದು," ಅಂದೆ.

"ಎರಡನೆಯದು ಈಗ ಕೇಳಿದೆ."

"ನೀನು ಹೇಳಿಕೊಟ್ಟ ಹಾಗೆಯೇ ಅವ ಎಡಕ್ಕೆ ಕಾದ."

ಅವನ ಮುಖ ಒಂದು ಗಳಿಗೆ ಅರಳಿತು, ಮತ್ತೆ ಮೊದಲಿನಂತಾಯಿತು. "ಆಯ್ತು ರೈಟರೇ."

"ಹಾಗೆ ಕರೆಯಬೇಡ ಮಾರಾಯ. ನನ್ನದು ತಪ್ಪಾಯಿತು."

"ಯಾವುದು ತಪ್ಪು? ನನ್ನನ್ನು ಬಿಟ್ಟದ್ದಾ?"

ಹೌದು ಅಂದುಬಿಡಬಹುದಿತ್ತು. ಅಷ್ಟು ದಿನದ ಸಂಕಟ ಒಂದೇ ಮಾತಿಗೆ ಮುಗಿಯುತ್ತಿತ್ತು. "ಅಲ್ಲ. ಅದು ಸರಿಯೇ," ಅಂದೆ. "ಹೇಳದೆ ಓಡಿಹೋದದ್ದು ತಪ್ಪು."

ಅವನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ. ಟಾಪಿನ ಮೇಲೆ ಅವರೆಲ್ಲ ಕಾಲು ಬಡಿಯುತ್ತಿದ್ದರು.

"ಹಾಗಾದರೆ ಈಗ ಹೇಳು. ನನ್ನ ಮುಖ ನೋಡಿ ಹೇಳು."

ಮಳೆ ನನ್ನ ಕಣ್ಣಿಗೇ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ. "ನಿನ್ನ ಕಾಲು ಆಗುವುದಿಲ್ಲ ಮಾರಾಯ," ಅಂದೆ. "ಇನ್ನು ಮುಂದೆ ಆಟಕ್ಕೆ ನಿನ್ನ ಹೆಸರು ಬರೆಯುವುದಿಲ್ಲ."

ಅವನು ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡ. ಒಳಗೆ ಕುಳಿತವನ ಮುಖಕ್ಕೆ ಮಳೆ ಬಿದ್ದಿರಲಿಲ್ಲ. ತುಂಬಾ ಹೊತ್ತು ಬೈರಾಸನ್ನು ಮುಖದಿಂದ ತೆಗೆಯಲೇ ಇಲ್ಲ.

"ಇಷ್ಟು ಹೇಳಲಿಕ್ಕಾಗದೆ ಬೆಳ್ತಂಗಡಿಯವರೆಗೆ ಓಡಿಹೋದೆಯಾ," ಅಂದ ಕೊನೆಗೆ. ಆಮೇಲೆ ಬಗ್ಗಿ ಆಚೆ ಬದಿಯ ಬಾಗಿಲು ತೆರೆದು, ತನ್ನ ಪಕ್ಕದ ಸೀಟಿನ ಮೇಲಿದ್ದ ಬುತ್ತಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. "ಹತ್ತು. ಬಂಟ್ವಾಳಕ್ಕೆ ಲೇಟಾಗ್ತದೆ."